ಕಡಲ ಮಾಲಿನ್ಯಕ್ಕೆ ಪಚ್ಚಿಲೆಯ ಸಾಕ್ಷ್ಯ



ಕಡಲಿನ ನೀರು ಕೆಟ್ಟಿದೆಯೇ ಇಲ್ಲವೇ ಎಂದು ತಿಳಿಯಬೇಕಾದರೆ ಏನು ಮಾಡಬೇಕು? ಈ ಪ್ರಶ್ನೆಗೆ ನಿಮ್ಮಲ್ಲಿ ಹೆಚ್ಚಿನವರು, "ನೀರನ್ನು ಬಾಟಲಿಯಲ್ಲಿ ತುಂಬಿಸಿ ಪ್ರಯೋಗಾಲಯಕ್ಕೆ ಕಳಿಸಬೇಕು" ಎಂದು ಉತ್ತರಿಸುತ್ತೀರಿ. ನಾನೂ ಹಾಗೆಯೇ ತಿಳಿದಿದ್ದೆ. ತಿಳಿದದ್ದು ಮಾತ್ರವಲ್ಲ, ಹಾಗೆಯೇ ಮಾಡಿ ಒಮ್ಮೆ ತಪ್ಪಿದ್ದೆ. ಇಂದಿನ ಮಾತನ್ನು ಆ ತಪ್ಪಿನಿಂದಲೇ ಆರಂಭಿಸುತ್ತೇನೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಸಂಗತಿ. ವಿಜ್ಞಾನ ಪದವಿ ಮುಗಿಸಿ ಕಾರ್ಯಕ್ರಮ ನಿರ್ಮಾಣದ ಕೆಲಸಕ್ಕೆ ಸೇರಿ ನನಗೆ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ನಮ್ಮ ಕರಾವಳಿಯ ಒಂದು ಅಳಿವೆಯ ದಡದಲ್ಲಿರುವ ಊರಿಗೆ ಚಿತ್ರೀಕರಣಕ್ಕೆ ಹೋಗಿದ್ದೆವು. ಹೊಳೆಯಲ್ಲಿ ಮೊದಲಿನಂತೆ ಮರುವಾಯಿ ಸಿಗುತ್ತಿಲ್ಲ, ಮೇಲಿನಿಂದ ಏನೋ ಬಂದು ನೀರಿಗೆ ಸೇರುತ್ತಿದೆ ಎಂಬುದು ಊರವರ ದೂರು. ದೂರನ್ನು ಪರೀಕ್ಷಿಸದೆ ಪ್ರಸಾರ ಮಾಡಬಾರದಷ್ಟೆ? ಅಂಗಡಿಯಲ್ಲಿ ಕೊಂಡ ಕುಡಿಯುವ ನೀರಿನ ಬಾಟಲಿಯೊಂದನ್ನು ಖಾಲಿ ಮಾಡಿ, ಹೊಳೆಯ ನೀರಿನಿಂದಲೇ ತೊಳೆದು, ತುಂಬಿಸಿಕೊಂಡು ಬಂದೆವು. ಒಂದು ಪ್ರಯೋಗಾಲಯಕ್ಕೆ ಕೊಟ್ಟೆವು. ವಾರದ ನಂತರ ವರದಿ ಬಂತು. ಸೀಸ, ಕ್ಯಾಡ್ಮಿಯಂ, ಪಾದರಸ ಮೂರರ ಎದುರಿಗೂ "ಪತ್ತೆಯ ಮಿತಿಗಿಂತ ಕಡಿಮೆ" ಎಂದು ಬರೆದಿತ್ತು. ನಾನು ನಿರೂಪಣೆಯಲ್ಲಿ ಬರೆದದ್ದು ಹೀಗೆ: "ನೀರಿನಲ್ಲಿ ಯಾವ ಭಾರಲೋಹವೂ ಇಲ್ಲ. ಆತಂಕಕ್ಕೆ ಕಾರಣವಿಲ್ಲ." ಅದು ಪ್ರಸಾರವೂ ಆಯಿತು.

ಹತ್ತು ದಿನಗಳ ಬಳಿಕ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಬರೆದವರು ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕರು. ಕಾರ್ಯಕ್ರಮವನ್ನು ಹೊಗಳಿಯೂ ಇರಲಿಲ್ಲ, ತೆಗಳಿಯೂ ಇರಲಿಲ್ಲ. ಮೂರೇ ಪ್ರಶ್ನೆಗಳಿದ್ದವು. ಒಂದು, ನೀರು ತುಂಬಿಸಿದ್ದು ಉಬ್ಬರದ ಹೊತ್ತಿನಲ್ಲೋ ಇಳಿತದ ಹೊತ್ತಿನಲ್ಲೋ? ಎರಡು, ಬಾಟಲಿಯನ್ನು ಯಾವುದರಿಂದ ತೊಳೆದಿರಿ? ಮೂರು, ಆ ನೀರಿನಲ್ಲೇ ಹುಟ್ಟಿ ಬೆಳೆದವರನ್ನು ಕೇಳಿದಿರಾ?

ಮೂರನೆಯ ಪ್ರಶ್ನೆ ಓದಿ ನನಗೆ ಸ್ವಲ್ಪ ಬೇಸರವೇ ಆಯಿತು. ಮೀನುಗಾರರ ಸಂದರ್ಶನವನ್ನು ನಾವು ತೋರಿಸಿದ್ದೆವಲ್ಲ! ಪತ್ರದ ಕೊನೆಯ ಸಾಲು ನೋಡಿದ ಮೇಲೆ ಅರ್ಥವಾಯಿತು. ಅವರು ಕೇಳುತ್ತಿದ್ದದ್ದು ಮೀನುಗಾರರ ವಿಷಯವಲ್ಲ. ಅಳಿವೆಯ ಬಾಯಲ್ಲಿ ಬಂಡೆಗೆ ಅಂಟಿಕೊಂಡಿರುವ ಪಚ್ಚಿಲೆಯ ವಿಷಯ.

ಆ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಹೋದಾಗ ನಾನು ಕಲಿತದ್ದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಭಾರಲೋಹವೆಂದರೇನು?

ಮೊದಲು ಈ ಲೋಹಗಳ ಪರಿಚಯ ಮಾಡಿಕೊಳ್ಳೋಣ. ಒಂದು ಘನ ಸೆಂಟಿಮೀಟರಿಗೆ ಸುಮಾರು 5 ಗ್ರಾಮಿಗಿಂತ ಹೆಚ್ಚು ಸಾಂದ್ರತೆಯುಳ್ಳ ಲೋಹಗಳನ್ನು ಭಾರಲೋಹಗಳೆಂದು ಕರೆಯುವುದು ವಾಡಿಕೆ. ತಾಮ್ರದ ಸಾಂದ್ರತೆ 8.9, ಕ್ಯಾಡ್ಮಿಯಮ್ಮಿನದು 8.6, ಸೀಸದ್ದು 11.3, ಪಾದರಸದ್ದು 13.5. ಇವುಗಳಲ್ಲಿ ತಾಮ್ರ, ಸತುವಿನಂಥವು ಜೀವಿಗಳಿಗೆ ಅಲ್ಪ ಪ್ರಮಾಣದಲ್ಲಿ ಬೇಕೇ ಬೇಕು. ಹೆಚ್ಚಾದರೆ ಮಾತ್ರ ಅಪಾಯ. ಸೀಸ, ಪಾದರಸಗಳಿಂದ ನಮ್ಮ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ಕ್ಯಾಡ್ಮಿಯಂ ಕೂಡ ಹಾಗೆಯೇ.

ಇವು ಏಕೆ ವಿಷವಾಗುತ್ತವೆ? ಇದಕ್ಕೆ ಉತ್ತರ ಕಾಲೇಜಿನ ಪ್ರಯೋಗಶಾಲೆಯಲ್ಲೇ ಇದೆ. ನಮ್ಮ ಕಾಲದಲ್ಲಿ ಲವಣ ವಿಶ್ಲೇಷಣೆಯ ದಿನ ಕಿಪ್ಪನ ಉಪಕರಣದಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಹಾಯಿಸುತ್ತಿದ್ದೆವು. ಕೊಳೆತ ಮೊಟ್ಟೆಯ ವಾಸನೆ ಇಡೀ ಕಾರಿಡಾರಿಗೆ ಹರಡುತ್ತಿತ್ತು. ಆಮ್ಲೀಯ ದ್ರಾವಣದಲ್ಲಿ ಸೀಸ, ಪಾದರಸ, ತಾಮ್ರಗಳಿದ್ದರೆ ಕಪ್ಪು ಒತ್ತರ ಇಳಿಯುತ್ತಿತ್ತು. ಕ್ಯಾಡ್ಮಿಯಂ ಇದ್ದರೆ ಹಳದಿ. ಈ ಲೋಹಗಳಿಗೂ ಗಂಧಕಕ್ಕೂ ಅಷ್ಟು ಬಲವಾದ ನಂಟು. ಪರೀಕ್ಷೆಗಾಗಿ ನಾವು ಬಾಯಿಪಾಠ ಮಾಡಿದ ಆ ನಂಟೇ ಜೀವಕೋಶದಲ್ಲಿ ಅನಾಹುತಕ್ಕೆ ಕಾರಣ. ಪ್ರೋಟೀನುಗಳಲ್ಲಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲದಲ್ಲಿ ಗಂಧಕವಿದೆ. ಒಳಬಂದ ಲೋಹ ಹೋಗಿ ಅದನ್ನೇ ಹಿಡಿಯುತ್ತದೆ. ಆ ಪ್ರೋಟೀನು ಒಂದು ಕಿಣ್ವವಾಗಿದ್ದರೆ ಅದರ ಕೆಲಸ ನಿಂತುಹೋಗುತ್ತದೆ.

ಇನ್ನೊಂದು ಮಾತು. ಸಾವಯವ ಕಸ ಕಾಲಕ್ರಮೇಣ ಕೊಳೆತು ಬೇರೆ ವಸ್ತುವಾಗುತ್ತದೆ. ಲೋಹ ಒಂದು ಮೂಲಧಾತು. ಅದು ಕೊಳೆಯುವುದಿಲ್ಲ, ಕರಗಿ ಕಾಣೆಯಾಗುವುದಿಲ್ಲ. ನೀರಿನಿಂದ ಕೆಸರಿಗೆ, ಕೆಸರಿನಿಂದ ಜೀವಿಗೆ ಜಾಗ ಬದಲಿಸುತ್ತದೆ, ಅಷ್ಟೆ.

ಬಾಟಲಿ ಹೇಳದ ಮಾತು

ಈಗ ಅಧ್ಯಾಪಕರ ಮೊದಲ ಪ್ರಶ್ನೆಗೆ ಬರೋಣ. ಅಳಿವೆಯ ನೀರು ದಿನವಿಡೀ ಒಂದೇ ಸಮ ಇರುವುದಿಲ್ಲ. ಉಬ್ಬರದ ಹೊತ್ತಿನಲ್ಲಿ ಕಡಲಿನ ನೀರು ಒಳನುಗ್ಗಿ ಎಲ್ಲವನ್ನೂ ತೆಳುಗೊಳಿಸುತ್ತದೆ. ಇಳಿತದ ಹೊತ್ತಿನಲ್ಲಿ ಹೊಳೆಯ ಮೇಲಿನ ಭಾಗದ ನೀರು ಹರಿದುಬರುತ್ತದೆ. ಮಳೆಗಾಲದ ಕತೆ ಬೇರೆ, ಬೇಸಿಗೆಯದು ಬೇರೆ. ತ್ಯಾಜ್ಯವನ್ನು ರಾತ್ರಿ ಬಿಟ್ಟರೆ ಬೆಳಗ್ಗೆ ಹೋದವನ ಬಾಟಲಿಗೆ ಅದು ಸಿಗುವುದೇ ಇಲ್ಲ. ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಬಾಟಲಿಯ ನೀರು ಒಂದು ಕ್ಷಣದ ಛಾಯಾಚಿತ್ರ. ತಿಂಗಳುಗಟ್ಟಲೆ ನಡೆದದ್ದನ್ನು ಒಂದು ಛಾಯಾಚಿತ್ರದಿಂದ ಹೇಳಲಾಗದು. ನಾವು ನೀರು ತುಂಬಿಸಿದ್ದು ತುಂಬು ಉಬ್ಬರದಲ್ಲಿ. ಹೊಳೆ ತುಂಬಿ ಚಂದ ಕಾಣುತ್ತದೆ ಎಂದು ಛಾಯಾಗ್ರಾಹಕರು ಆರಿಸಿದ ಹೊತ್ತು ಅದು.

ಎರಡನೆಯ ಪ್ರಶ್ನೆ ಬಾಟಲಿಯದು. ಕಡಲ ನೀರಿನಲ್ಲಿ ಕರಗಿರುವ ಈ ಲೋಹಗಳ ಪ್ರಮಾಣ ಬಹಳ ಕಡಿಮೆ. ತೆರೆದ ಸಾಗರದಲ್ಲಿ ಅದನ್ನು ಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಇಷ್ಟು ಸೂಕ್ಷ್ಮವಾದಾಗ ಬಾಟಲಿಯ ಗೋಡೆ, ಕೈಯ ಧೂಳು, ದೋಣಿಯ ಬಣ್ಣ ಎಲ್ಲವೂ ಲೆಕ್ಕ ಕೆಡಿಸುತ್ತವೆ.

ಇದನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟವರು ಅಮೆರಿಕದ ಕ್ಲೇರ್ ಪ್ಯಾಟರ್ಸನ್. ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು 1956ರಲ್ಲಿ ಪ್ರಕಟಿಸಿದ ವಿಜ್ಞಾನಿ ಇವರೇ. ಆ ಕೆಲಸಕ್ಕಾಗಿ ಅವರು ಕಲ್ಲುಗಳಲ್ಲಿನ ಸೀಸವನ್ನು ಅಳೆಯಬೇಕಾಗಿತ್ತು. ಅಳೆಯಹೋದರೆ ಗಾಳಿಯಿಂದ, ಧೂಳಿನಿಂದ, ಗಾಜಿನ ಪಾತ್ರೆಯಿಂದ ಹೊಸ ಸೀಸ ಬಂದು ಸೇರುತ್ತಿತ್ತು. ಬೇಸತ್ತು ಅವರು ಧೂಳೇ ಇಲ್ಲದ ವಿಶೇಷ ಪ್ರಯೋಗಾಲಯ ಕಟ್ಟಿಕೊಂಡರು. ಕಡಲ ನೀರಿನ ಸೀಸದ ಬಗ್ಗೆ ಅದುವರೆಗೆ ಪ್ರಕಟವಾಗಿದ್ದ ಅನೇಕ ಅಂಕಿಅಂಶಗಳು ಕಡಲಿನದಲ್ಲ, ಅಳೆದವರ ಪಾತ್ರೆಗಳದ್ದು ಎಂಬುದು ಮುಂದೆ ಗೊತ್ತಾಯಿತು.

ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗಬಹುದು. ನೀರಿನ ಮಾದರಿಗೆ ಶುದ್ಧ ನೈಟ್ರಿಕ್ ಆಮ್ಲ ಸೇರಿಸದೆ ಇಟ್ಟರೆ ಲೋಹದ ಅಯಾನುಗಳು ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತವೆ. ಆಗ ನೀರಿನಲ್ಲಿ ಲೋಹ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ನಾವು ಆಮ್ಲ ಸೇರಿಸಿರಲಿಲ್ಲ. ಜೊತೆಗೆ, ಪ್ರತಿ ಉಪಕರಣಕ್ಕೂ ಒಂದು ಪತ್ತೆಯ ಮಿತಿ ಇರುತ್ತದೆ. ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಮೂಗುತಿ ಇಟ್ಟರೆ ಮುಳ್ಳು ಅಲುಗುವುದಿಲ್ಲ. ಮೂಗುತಿಗೆ ತೂಕವಿಲ್ಲ ಎಂದು ಅದರ ಅರ್ಥವೇ? "ಪತ್ತೆಯ ಮಿತಿಗಿಂತ ಕಡಿಮೆ" ಎಂಬುದನ್ನು ನಾನು "ಇಲ್ಲ" ಎಂದು ಓದಿದ್ದೆ. ಪ್ರಯೋಗಾಲಯ ತಪ್ಪು ಹೇಳಿರಲಿಲ್ಲ. ತಪ್ಪು ಓದಿದವನದು.

ಪಚ್ಚಿಲೆಯನ್ನೇ ಏಕೆ ಕೇಳಬೇಕು?

ಈಗ ಮೂರನೆಯ ಪ್ರಶ್ನೆ. ಕರಾವಳಿಯವರಿಗೆ ಪಚ್ಚಿಲೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಘಟ್ಟದ ಮೇಲಿನವರು ಕಪ್ಪೆಚಿಪ್ಪು ಎಂದು ಕರೆಯುವ ಎರಡು ಚಿಪ್ಪಿನ ಮೃದ್ವಂಗಿಗಳ ಬಳಗಕ್ಕೆ ಇದು ಸೇರಿದ್ದು. ಹಸಿರು ಅಂಚಿನ, ಉದ್ದನೆಯ ಚಿಪ್ಪು. ಶಾಸ್ತ್ರೀಯ ಹೆಸರು ಪೆರ್ನಾ ವಿರಿಡಿಸ್. ನಮ್ಮ ಪಶ್ಚಿಮ ಕರಾವಳಿಯಲ್ಲಿ ಅಲೆ ಬಡಿಯುವ ಬಂಡೆಗಳ ಮೇಲೆ ಒತ್ತೊತ್ತಾಗಿ ಬೆಳೆಯುತ್ತದೆ. ರೇಷ್ಮೆಯಂಥ ಗಟ್ಟಿ ಎಳೆಗಳನ್ನು ತಾನೇ ಸ್ರವಿಸಿ ಬಂಡೆಗೆ ಅಂಟಿಕೊಳ್ಳುತ್ತದೆ. ಯುರೋಪು, ಅಮೆರಿಕಗಳ ತೀರದಲ್ಲಿ ಇದರ ದಾಯಾದಿ ನೀಲಿ ಪಚ್ಚಿಲೆ ಇದೆ. ಅದರ ಹೆಸರು ಮೈಟಿಲಸ್ ಎಡ್ಯುಲಿಸ್.

ಪಚ್ಚಿಲೆ ಊಟ ಮಾಡುವ ಕ್ರಮವೇ ನಮಗೆ ಉಪಯೋಗಕ್ಕೆ ಬರುವುದು. ಚಿಪ್ಪನ್ನು ತುಸು ತೆರೆದು ನೀರನ್ನು ಒಳಗೆಳೆಯುತ್ತದೆ. ಕಿವಿರಿನ ಮೇಲಿನ ಸೂಕ್ಷ್ಮ ರೋಮಗಳು ನೀರಿನಲ್ಲಿರುವ ಪಾಚಿ, ಕಣಗಳನ್ನು ಸೋಸಿ ಲೋಳೆಯಲ್ಲಿ ಸುತ್ತಿ ಬಾಯಿಗೆ ತಲುಪಿಸುತ್ತವೆ. ಬೆಳೆದ ಒಂದು ಪಚ್ಚಿಲೆ ಗಂಟೆಗೆ ಒಂದರಿಂದ ಹಲವು ಲೀಟರ್ ನೀರನ್ನು ಹೀಗೆ ಸೋಸುತ್ತದೆ. ಕಣಗಳ ಜೊತೆಗೆ ಬಂದ ಲೋಹ ಹೊಟ್ಟೆಯ ಮೂಲಕ, ನೀರಿನಲ್ಲಿ ಕರಗಿದ ಲೋಹ ಕಿವಿರಿನ ಮೂಲಕ ದೇಹ ಸೇರುತ್ತದೆ.

ಒಳಸೇರಿದ ಲೋಹವನ್ನು ಪಚ್ಚಿಲೆ ಬೇಗ ಹೊರಹಾಕಲಾರದು. ಮೆಟಲೋಥಯೋನೀನ್ ಎಂಬ ಪುಟ್ಟ ಪ್ರೋಟೀನಿನಿಂದ ಅದನ್ನು ಕಟ್ಟಿಹಾಕುತ್ತದೆ. 1957ರಲ್ಲಿ ಮೊದಲು ಕುದುರೆಯ ಮೂತ್ರಪಿಂಡದಲ್ಲಿ ಪತ್ತೆಯಾದ ಪ್ರೋಟೀನು ಇದು. ಇದರ ಅಮೈನೋ ಆಮ್ಲಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಗಂಧಕವುಳ್ಳ ಸಿಸ್ಟೀನ್. ಲೋಹಕ್ಕೆ ಗಂಧಕದ ಮೇಲೆ ಆಸೆಯಲ್ಲವೇ? ಬೇರೆ ಪ್ರೋಟೀನಿಗೆ ಕೈ ಹಾಕುವ ಮೊದಲೇ ಅದಕ್ಕೆ ಬೇಕಾದದ್ದನ್ನು ಇಲ್ಲಿ ಕೊಟ್ಟು ಕೂರಿಸುವ ಉಪಾಯವಿದು. ಇನ್ನಷ್ಟು ಲೋಹ ಸಣ್ಣ ಕಣಗಳಾಗಿ ಮೂತ್ರಪಿಂಡ, ಜೀರ್ಣಗ್ರಂಥಿಗಳಲ್ಲಿ ಉಳಿಯುತ್ತದೆ. ಹೀಗಾಗಿ ಪಚ್ಚಿಲೆ ಸಾಯದೆ, ಲೋಹವನ್ನು ಹೊತ್ತುಕೊಂಡೇ ಬದುಕುತ್ತದೆ. ಇದನ್ನೇ ಜೈವಿಕ ಸಂಚಯನ ಎನ್ನುವುದು.

ಸಂಚಯನ ಎಷ್ಟರಮಟ್ಟಿನದು? ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳಿ. ಒಂದು ಲೀಟರ್ ನೀರಿನಲ್ಲಿ 20 ನ್ಯಾನೋಗ್ರಾಂ ಕ್ಯಾಡ್ಮಿಯಂ ಇದೆ. ಅದೇ ನೀರಿನ ಪಚ್ಚಿಲೆಯ ಒಣಗಿಸಿದ ಮಾಂಸದಲ್ಲಿ ಕಿಲೋಗ್ರಾಮಿಗೆ 1 ಮಿಲಿಗ್ರಾಂ ಇದೆ. 1 ಮಿಲಿಗ್ರಾಂ ಎಂದರೆ 10 ಲಕ್ಷ ನ್ಯಾನೋಗ್ರಾಂ. ಅಂದರೆ ಹೆಚ್ಚಳ 50,000 ಪಟ್ಟು! ನೀರಿನಲ್ಲಿ ಉಪಕರಣದ ಕಣ್ಣು ತಪ್ಪಿಸಿದ ಲೋಹ ಮಾಂಸದಲ್ಲಿ ಸುಲಭವಾಗಿ ಸಿಕ್ಕಿಬೀಳುತ್ತದೆ. ಅದಕ್ಕೂ ಮುಖ್ಯವಾದದ್ದು, ಇದು ಒಂದು ಕ್ಷಣದ ಲೆಕ್ಕವಲ್ಲ. ಹಲವು ವಾರ, ಹಲವು ತಿಂಗಳ ಉಬ್ಬರ ಇಳಿತಗಳ ಒಟ್ಟು ಲೆಕ್ಕ. ಮತ್ತು ನೀರಿನಲ್ಲಿರುವ ಲೋಹದಲ್ಲಿ ಜೀವಿಯ ದೇಹಕ್ಕೆ ನಿಜವಾಗಿ ಸೇರಬಲ್ಲ ಪಾಲು ಎಷ್ಟು ಎಂಬುದನ್ನು ಬಾಟಲಿ ಹೇಳಲಾರದು; ಪಚ್ಚಿಲೆ ಹೇಳುತ್ತದೆ.

ಮೀನು ಈ ಕೆಲಸಕ್ಕೆ ಆಗುವುದಿಲ್ಲವೇ ಎಂದು ನೀವು ಕೇಳಬಹುದು. ಮೀನು ಇಂದು ಇಲ್ಲಿ, ನಾಳೆ ಮತ್ತೆಲ್ಲೋ. ಅದರ ಮೈಯಲ್ಲಿ ಸಿಕ್ಕ ಲೋಹ ಯಾವ ಊರಿನದು ಎಂದು ಹೇಳುವುದು ಕಷ್ಟ. ಸಾಕ್ಷಿ ನುಡಿಯುವವರು ಸ್ಥಳದಲ್ಲೇ ಇದ್ದವರಾಗಿರಬೇಕು. ಪಚ್ಚಿಲೆ ಕೂತ ಜಾಗ ಬಿಟ್ಟು ಏಳುವುದಿಲ್ಲ. ಎಲ್ಲ ಋತುಗಳಲ್ಲೂ ಸಿಗುತ್ತದೆ, ಗುರುತಿಸುವುದು ಸುಲಭ, ಪರೀಕ್ಷೆಗೆ ಸಾಕಷ್ಟು ಮಾಂಸವಿದೆ, ಉಪ್ಪಿನ ಪ್ರಮಾಣ ಏರಿಳಿದರೂ ತಾಳಿಕೊಳ್ಳುತ್ತದೆ. ಪಚ್ಚಿಲೆ ಇಲ್ಲದ ಕಡೆಗೆ ಶುಚಿಯಾದ ಜಾಗದಿಂದ ತಂದು ಬಲೆಚೀಲದಲ್ಲಿ ಕೆಲವು ವಾರ ನೀರಿನಲ್ಲಿ ಇಳಿಬಿಟ್ಟು ಪರೀಕ್ಷಿಸುವ ಕ್ರಮವೂ ಉಂಟು.

ಪಚ್ಚಿಲೆಯ ಕಾವಲು

ಈ ಗುಣಗಳನ್ನೆಲ್ಲ ಒಟ್ಟುಗೂಡಿಸಿ ಜಗತ್ತಿನ ಕಡಲುಗಳಿಗೆ ಒಂದು ಕಾವಲು ವ್ಯವಸ್ಥೆ ಏಕೆ ಮಾಡಬಾರದು ಎಂದು 1975ರಲ್ಲಿ ಕೇಳಿದವರು ಎಡ್ವರ್ಡ್ ಗೋಲ್ಡ್‌ಬರ್ಗ್. ಇವರು ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ಭೂರಸಾಯನ ವಿಜ್ಞಾನಿ. ಯೋಜನೆಗೆ ಅವರು ಕೊಟ್ಟ ಹೆಸರು "ಮಸೆಲ್ ವಾಚ್", ಅಂದರೆ ಪಚ್ಚಿಲೆಯ ಕಾವಲು. 1976ರಿಂದ 1978ರವರೆಗೆ ಅಮೆರಿಕದ ತೀರಗಳಲ್ಲಿ ನೂರಕ್ಕೂ ಹೆಚ್ಚು ಕಡೆಗಳಿಂದ ಪಚ್ಚಿಲೆ ಮತ್ತು ಸಿಂಪಿಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. 1986ರಲ್ಲಿ ಅಲ್ಲಿನ ರಾಷ್ಟ್ರೀಯ ಸಾಗರ ಮತ್ತು ವಾಯುಮಂಡಲ ಆಡಳಿತ ಸಂಸ್ಥೆ ಇದನ್ನು ಶಾಶ್ವತ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. ಮುಂದೆ ಸಂಗ್ರಹ ಸ್ಥಳಗಳ ಸಂಖ್ಯೆ ಸುಮಾರು 300ಕ್ಕೆ ಏರಿತು. ಫ್ರಾನ್ಸ್ ಮೊದಲಾದ ದೇಶಗಳೂ ಇಂಥದೇ ಕ್ರಮ ಅನುಸರಿಸಿದವು.

ಇದರ ಫಲವೇನು? ಒಂದು ಉದಾಹರಣೆ ಹೇಳುತ್ತೇನೆ. ಅದು ನಮ್ಮಂಥ ಚಿತ್ರ ತೆಗೆಯುವವರ ಕಡೆಗೇ ಬೊಟ್ಟು ಮಾಡಿದ ಉದಾಹರಣೆ. ಹಿಂದೆ ಫಿಲ್ಮಿನ ಮೇಲೆ ಬೆಳ್ಳಿಯ ಲವಣ ಲೇಪಿಸುತ್ತಿದ್ದರು. ಸಂಸ್ಕರಿಸುವಾಗ ಬೆಳಕು ತಾಗದ ಭಾಗದ ಬೆಳ್ಳಿ ಹೈಪೋ ದ್ರಾವಣದಲ್ಲಿ ಕರಗಿ ಚರಂಡಿ ಸೇರುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣ ಭಾಗದಲ್ಲಿ ಪಾಲೊ ಆಲ್ಟೊ ಎಂಬ ಊರಿದೆ. ಅದರ ಚರಂಡಿ ನೀರಿನ ಶುದ್ಧೀಕರಣ ಕೇಂದ್ರದ ಬಳಿಯ ಕೆಸರಿನಲ್ಲಿ ಮಕೋಮಾ ಎಂಬ ಜಾತಿಯ ಚಿಕ್ಕ ಮರುವಾಯಿಗಳಿವೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಜ್ಞಾನಿಗಳು 1970ರ ದಶಕದಿಂದ ಅವುಗಳನ್ನು ಸತತವಾಗಿ ಪರೀಕ್ಷಿಸುತ್ತಾ ಬಂದರು. ಆರಂಭದ ವರ್ಷಗಳಲ್ಲಿ ಬೆಳ್ಳಿ ಮತ್ತು ತಾಮ್ರ ಬಹಳ ಹೆಚ್ಚಾಗಿದ್ದವು. ಆ ಕಾಲದಲ್ಲಿ ಸಂತಾನೋತ್ಪತ್ತಿಗೆ ಸಿದ್ಧವಾದ ಮರುವಾಯಿಗಳೇ ಅಪರೂಪ. ಶುದ್ಧೀಕರಣ ಸುಧಾರಿಸಿತು; ಲೋಹವನ್ನು ಅದು ಹುಟ್ಟುವ ಕಡೆಯಲ್ಲೇ, ಫಿಲ್ಮ್ ತೊಳೆಯುವ ಅಂಗಡಿಗಳಲ್ಲಿ, ಕಾರ್ಖಾನೆಗಳಲ್ಲಿ ತಡೆಯುವ ಕ್ರಮ ಬಂತು. 1980ರ ದಶಕ ಮುಗಿಯುವ ಹೊತ್ತಿಗೆ ಮರುವಾಯಿಗಳ ಮೈಯ ಲೋಹ ಗಣನೀಯವಾಗಿ ಇಳಿದಿತ್ತು. ಬಳಿಕ ಅವು ಮೊದಲಿನಂತೆ ಸಂತಾನ ಬೆಳೆಸತೊಡಗಿದವು.

ಮಿತ್ರರೇ, ಇದನ್ನು ಗಮನವಿಟ್ಟು ನೋಡಿ. ಕೆಟ್ಟಿದೆ ಎಂದು ಹೇಳಿದ್ದೂ ಮರುವಾಯಿ, ಸುಧಾರಿಸಿದೆ ಎಂದು ಹೇಳಿದ್ದೂ ಅದೇ ಮರುವಾಯಿ. ಒಂದೇ ಸಲ ಪರೀಕ್ಷಿಸಿ ಬಿಟ್ಟಿದ್ದರೆ ಎರಡನೆಯ ಮಾತು ಕೇಳುತ್ತಲೇ ಇರಲಿಲ್ಲ.

ಕೆಲವೊಮ್ಮೆ ಸಾಕ್ಷ್ಯ ಬರಿಗಣ್ಣಿಗೇ ಕಾಣುತ್ತದೆ. 1986ರಲ್ಲಿ ತೈವಾನಿನ ನೈಋತ್ಯ ತೀರದಲ್ಲಿ ಸಾಕಿದ್ದ ಸಿಂಪಿಗಳ ಮಾಂಸ ಹಸಿರು ಬಣ್ಣಕ್ಕೆ ತಿರುಗಿತು. ಕಾರಣ ತಾಮ್ರ. ಹತ್ತಿರದ ಎರ್‌ರೆನ್ ನದಿಯ ದಡದಲ್ಲಿ ಹಳೆಯ ತಂತಿ, ವಿದ್ಯುತ್ ಸಾಮಾನುಗಳನ್ನು ಸುಟ್ಟು, ಆಮ್ಲದಲ್ಲಿ ತೊಳೆದು ಲೋಹ ತೆಗೆಯುವ ಗುಜರಿ ಕೆಲಸ ನಡೆಯುತ್ತಿತ್ತು. ಸಿಂಪಿ ಸಾಕಿದವರ ಜೀವನೋಪಾಯ ಆ ಹಸಿರಿನೊಂದಿಗೆ ಹೋಯಿತು.

ಸಾಕ್ಷ್ಯವನ್ನು ತೂಗಿ ನೋಡಬೇಕು

ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ್ದನ್ನೆಲ್ಲ ಹಾಗೆಯೇ ಒಪ್ಪುವುದಿಲ್ಲ. ಪಚ್ಚಿಲೆಯ ಮಾತಿಗೂ ಈ ನಿಯಮ ಸಲ್ಲುತ್ತದೆ.

ಮೊದಲನೆಯದಾಗಿ, ಹೋಲಿಸುವ ಪಚ್ಚಿಲೆಗಳು ಒಂದೇ ಜಾತಿಯವು, ಒಂದೇ ಗಾತ್ರದವು ಆಗಿರಬೇಕು. ವರ್ಷದ ಒಂದೇ ಕಾಲದಲ್ಲಿ ತೆಗೆದವೂ ಆಗಿರಬೇಕು. ಮೊಟ್ಟೆ ಬಿಟ್ಟ ಮೇಲೆ ಪಚ್ಚಿಲೆಯ ಮಾಂಸ ಸೊರಗುತ್ತದೆ. ಲೋಹ ಇದ್ದಷ್ಟೇ ಇದ್ದು ಮಾಂಸ ಕಡಿಮೆಯಾದರೆ ಕಿಲೋಗ್ರಾಮಿನ ಲೆಕ್ಕ ತಾನಾಗಿ ಏರುತ್ತದೆ. ಹೊಟ್ಟೆಯಲ್ಲಿ ಕೆಸರು ಉಳಿದಿದ್ದರೆ ಕೆಸರಿನ ಲೋಹವೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಅನೇಕ ಕಡೆ ಒಂದು ದಿನ ಶುದ್ಧ ಕಡಲ ನೀರಿನಲ್ಲಿಟ್ಟು ಹೊಟ್ಟೆ ಖಾಲಿ ಮಾಡಿಸುತ್ತಾರೆ. ಅನೇಕ ಪಚ್ಚಿಲೆಗಳ ಮಾಂಸವನ್ನು ಒಟ್ಟುಗೂಡಿಸಿ, ಒಣಗಿಸಿ, ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಪರಮಾಣು ಹೀರಿಕೆ ರೋಹಿತಮಾಪಕದಂಥ ಉಪಕರಣಗಳಲ್ಲಿ ಅಳೆಯುತ್ತಾರೆ. ಹಸಿ ಮಾಂಸದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ನೀರೇ ಇರುವುದರಿಂದ, ಒಣ ತೂಕದ ಅಂಕಿಯನ್ನು ಹಸಿ ತೂಕದ ಮಿತಿಯೊಂದಿಗೆ ಹೋಲಿಸಿದರೆ ಐದು ಪಟ್ಟು ತಪ್ಪಾಗುತ್ತದೆ. ಪತ್ರಿಕೆಗಳಲ್ಲೂ ನಮ್ಮ ಮಾಧ್ಯಮದಲ್ಲೂ ಆಗುವ ತಪ್ಪು ಇದು.

ಎರಡನೆಯದಾಗಿ, ಎಲ್ಲ ಲೋಹಕ್ಕೂ ಎಲ್ಲ ಪ್ರಾಣಿಯೂ ಸಾಕ್ಷಿಯಾಗಲಾರದು. ಏಡಿಯ ರಕ್ತ ನಸುನೀಲಿ. ನಮ್ಮ ರಕ್ತದಲ್ಲಿ ಕಬ್ಬಿಣ ಮಾಡುವ ಕೆಲಸವನ್ನು ಅಲ್ಲಿ ತಾಮ್ರ ಮಾಡುತ್ತದೆ. ತಾಮ್ರ, ಸತುಗಳನ್ನು ಏಡಿ ಸಿಗಡಿಗಳು ದೇಹದಲ್ಲಿ ಒಂದು ಮಟ್ಟಕ್ಕೆ ಕಾಯ್ದುಕೊಳ್ಳುತ್ತವೆ. ಹೊರಗೆ ಹೆಚ್ಚಾದರೂ ಒಳಗೆ ಬೇಗ ಹೆಚ್ಚಾಗುವುದಿಲ್ಲ. ಪಚ್ಚಿಲೆಯೂ ಸತುವಿನ ವಿಷಯದಲ್ಲಿ ಸ್ವಲ್ಪ ಹೀಗೆಯೇ. ಸತು, ತಾಮ್ರಕ್ಕೆ ಸಿಂಪಿಯನ್ನು ಕೇಳುವುದು ಮೇಲು; ಸೀಸಕ್ಕೆ ಪಚ್ಚಿಲೆ ಮೇಲು. ಬಂಡೆಗೆ, ದೋಣಿಯ ತಳಕ್ಕೆ ಅಂಟುವ ಬಾರ್ನಕಲ್ ಎಂಬ ಪ್ರಾಣಿ ಸತುವನ್ನು ಕಣಕಣವಾಗಿ ಕೂಡಿಡುತ್ತದೆ, ಅದೂ ಒಳ್ಳೆಯ ಸಾಕ್ಷಿ.

ಮೂರನೆಯದಾಗಿ, ಲೋಹ ಕಂಡೊಡನೆ ಕಾರ್ಖಾನೆಯನ್ನು ದೂರುವಂತಿಲ್ಲ. ಸಾಗರದಲ್ಲಿ ಕ್ಯಾಡ್ಮಿಯಂ ಫಾಸ್ಫೇಟಿನ ಜೊತೆಜೊತೆಗೇ ಸಾಗುತ್ತದೆ. ಆಳದ ನೀರಿನಲ್ಲಿ ಹೆಚ್ಚು. ಆಳದ ನೀರು ಮೇಲೇಳುವ ತೀರಗಳಲ್ಲಿ ಯಾವ ಕಾರ್ಖಾನೆಯೂ ಇಲ್ಲದಿದ್ದರೂ ಚಿಪ್ಪುಜೀವಿಗಳಲ್ಲಿ ಕ್ಯಾಡ್ಮಿಯಂ ಹೆಚ್ಚಿರಬಹುದು. ಭಾರತದ ನೈಋತ್ಯ ಕರಾವಳಿಯಲ್ಲೂ ಮುಂಗಾರಿನ ತಿಂಗಳುಗಳಲ್ಲಿ ಆಳದ ನೀರು ಮೇಲೆ ಬರುತ್ತದೆ. ನಮ್ಮವರು ಬೊಂಡಾಸ್ ಎನ್ನುವ ಪ್ರಾಣಿ ಕ್ಯಾಡ್ಮಿಯಮ್ಮನ್ನು ತನ್ನ ಜೀರ್ಣಗ್ರಂಥಿಯಲ್ಲಿ ಕೂಡಿಸಿಕೊಳ್ಳುತ್ತದೆ. ರಫ್ತಿಗೆ ಹೋದ ಇಂಥ ಸರಕು ಕ್ಯಾಡ್ಮಿಯಂ ಮಿತಿ ಮೀರಿದೆಯೆಂದು ಯುರೋಪಿನಲ್ಲಿ ತಿರಸ್ಕೃತವಾದದ್ದುಂಟು. ಆದ್ದರಿಂದ ಕೊಳಕು ಜಾಗದ ಪಚ್ಚಿಲೆಯ ಜೊತೆಗೆ ಶುಚಿ ಜಾಗದ ಪಚ್ಚಿಲೆಯನ್ನೂ ಪರೀಕ್ಷಿಸಿ ಹೋಲಿಸಲೇಬೇಕು.

ಕೇಳಿಸಿಕೊಳ್ಳದ ಸಾಕ್ಷ್ಯ

ಸಾಕ್ಷಿ ಎಷ್ಟು ಸ್ಪಷ್ಟವಾಗಿ ನುಡಿದರೂ ಕೇಳುವವರು ಕೇಳಬೇಕಲ್ಲ? ಜಪಾನಿನ ಕ್ಯೂಷು ದ್ವೀಪದ ಮಿನಮಾಟಾ ಪಟ್ಟಣದ ಕತೆ ನಿಮ್ಮ ಪಠ್ಯಪುಸ್ತಕದಲ್ಲಿ ಒಂದೆರಡು ಸಾಲಿನಲ್ಲಿ ಬಂದಿರಬಹುದು. ಅಲ್ಲಿ ಚಿಸ್ಸೊ ಎಂಬ ಕಂಪನಿ 1932ರಿಂದ ಪಾದರಸದ ಲವಣವನ್ನು ಬಳಸಿ ಅಸಿಟಾಲ್ಡಿಹೈಡ್ ತಯಾರಿಸುತ್ತಿತ್ತು. ಆ ಕ್ರಿಯೆಯಲ್ಲಿ ಮೀಥೈಲ್ ಪಾದರಸ ಎಂಬ ವಿಷವೂ ಹುಟ್ಟಿ ತ್ಯಾಜ್ಯದೊಂದಿಗೆ ಕಡಲು ಸೇರುತ್ತಿತ್ತು. ಇತರ ಬಹುತೇಕ ಲೋಹಗಳಂತಲ್ಲದೆ ಇದು ಆಹಾರ ಸರಪಣಿಯಲ್ಲಿ ಮೇಲೇರಿದಂತೆ ಹೆಚ್ಚುತ್ತಾ ಹೋಗುತ್ತದೆ.

ಮೊದಲು ಮೀನುಗಳು ತೇಲಿದವು. ಕಾಗೆಗಳು ಆಕಾಶದಿಂದ ಬಿದ್ದವು. ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. 1956ರ ಮೇ 1ರಂದು ಕಂಪನಿಯದೇ ಆಸ್ಪತ್ರೆಯ ವೈದ್ಯ ಹಜಿಮೆ ಹೊಸೊಕಾವಾ ಮನುಷ್ಯರಲ್ಲಿ ಕಾಣಿಸಿಕೊಂಡ ಗೊತ್ತಿಲ್ಲದ ನರರೋಗವನ್ನು ಆರೋಗ್ಯ ಇಲಾಖೆಗೆ ವರದಿ ಮಾಡಿದರು. 1959ರಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೆ ಪಾದರಸವೇ ಕಾರಣವೆಂದರು. ಮುಂದೆ ಅದೇ ವಿಶ್ವವಿದ್ಯಾಲಯದವರು ಆ ಕೊಲ್ಲಿಯ ಒಂದು ಚಿಪ್ಪುಜೀವಿಯ ಮಾಂಸದಿಂದಲೇ ಪಾದರಸದ ಸಂಯುಕ್ತವನ್ನು ಬೇರ್ಪಡಿಸಿದರು. ಆ ಜೀವಿ ಪಚ್ಚಿಲೆಯ ಜಾತಿಯದೇ. ಅದರಲ್ಲಿ ಪಾದರಸ ಗಂಧಕಕ್ಕೆ ಅಂಟಿಕೊಂಡಿತ್ತು.

ಅದೇ 1959ರಲ್ಲಿ ಹೊಸೊಕಾವಾ ಕಾರ್ಖಾನೆಯ ತ್ಯಾಜ್ಯವನ್ನು ಬೆಕ್ಕಿನ ಆಹಾರಕ್ಕೆ ಬೆರೆಸಿ ಪ್ರಯೋಗ ಮಾಡಿದರು. 400ನೇ ಸಂಖ್ಯೆಯ ಬೆಕ್ಕಿಗೆ ಅದೇ ರೋಗ ಬಂತು. ಫಲಿತಾಂಶವನ್ನು ಕಂಪನಿ ಹೊರಗೆ ಬಿಡಲಿಲ್ಲ. ಉತ್ಪಾದನೆ 1968ರವರೆಗೂ ನಡೆಯಿತು. ಆ ವರ್ಷವೇ ಸರಕಾರ ಕಾರಣವನ್ನು ಅಧಿಕೃತವಾ­ಗಿ ಒಪ್ಪಿಕೊಂಡಿತು. 1970ರಲ್ಲಿ ಹೊಸೊಕಾವಾ ಮರಣಶಯ್ಯೆಯಿಂದ ನ್ಯಾಯಾಲಯಕ್ಕೆ ಆ ಬೆಕ್ಕಿನ ಸಂಗತಿಯನ್ನು ಹೇಳಿದರು. ಅಧಿಕೃತವಾಗಿ ರೋಗಿಗಳೆಂದು ಒಪ್ಪಿಕೊಂಡವರ ಸಂಖ್ಯೆಯೇ 2,200ನ್ನು ಮೀರಿತು. ಪಾದರಸದ ಬಳಕೆಯನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2013ರಲ್ಲಿ ಇದೇ ಊರಿನ ಹೆಸರಿಟ್ಟರು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು.

ಲೆಕ್ಕ ಹಾಕಿ. ಬೆಕ್ಕು ಸಾಕ್ಷಿ ನುಡಿದದ್ದಕ್ಕೂ ಕಾರ್ಖಾನೆ ಆ ಉತ್ಪಾದನೆ ನಿಲ್ಲಿಸಿದ್ದಕ್ಕೂ ನಡುವೆ ಒಂಬತ್ತು ವರ್ಷ. ಅಷ್ಟೂ ವರ್ಷ ಜನ ಆ ಕಡಲಿನ ಮೀನನ್ನು ತಿನ್ನುತ್ತಲೇ ಇದ್ದರು.

ಇದನ್ನೆಲ್ಲ ಕೇಳಿ ನಾಳೆಯಿಂದ ಮನೆಯಲ್ಲಿ ಪಚ್ಚಿಲೆ, ಮರುವಾಯಿ ಬೇಡವೆನ್ನಬೇಡಿ. ಒಳ್ಳೆಯ ನೀರಿನಲ್ಲಿ ಬೆಳೆದದ್ದು ಒಳ್ಳೆಯ ಆಹಾರ; ಅದನ್ನು ತೆಗೆದು ಮಾರಿ ಬದುಕುವ ಸಂಸಾರಗಳು ನಮ್ಮಲ್ಲಿ ಅನೇಕ. ಅವರಿಗಾಗಿಯೇ ಈ ಪರೀಕ್ಷೆ ಬೇಕಾಗಿರುವುದು. ನೀವು ಮಾಡಬೇಕಾದದ್ದು ಇಷ್ಟು. "ಪರೀಕ್ಷಿಸಲಾಗಿದೆ, ಏನೂ ಇಲ್ಲ" ಎಂದು ಯಾರೇ ಹೇಳಲಿ, ನಮ್ಮಂಥವರು ಪರದೆಯ ಮೇಲೆ ಹೇಳಲಿ, ಆ ಅಧ್ಯಾಪಕರ ಮೂರು ಪ್ರಶ್ನೆಗಳನ್ನು ಕೇಳಿ. ಯಾವ ಹೊತ್ತಿನ ನೀರು? ಯಾವ ವಿಧಾನ? ಅಲ್ಲಿಯೇ ಬಾಳುವ ಜೀವಿಯನ್ನು ಪರೀಕ್ಷಿಸಿದಿರಾ?

ಆ ಅಧ್ಯಾಪಕರ ಪತ್ರಕ್ಕೆ ನಾನು ಉತ್ತರ ಬರೆದೆ. ಆದರೆ ನಿರೂಪಣೆಯಲ್ಲಿ ಹೇಳಿದ್ದನ್ನು ಮತ್ತೆ ಪ್ರಸಾರದಲ್ಲಿ ತಿದ್ದುವಷ್ಟು ಧೈರ್ಯ ಆಗ ನನಗಿರಲಿಲ್ಲ. ಇಂದು ತಿದ್ದುತ್ತಿದ್ದೇನೆ. ಅಂದು ನಾನು ಹೇಳಬೇಕಾಗಿದ್ದದ್ದು ಹೀಗೆ: "ಉಬ್ಬರದ ಹೊತ್ತಿನಲ್ಲಿ ನಾವು ತಂದ ಒಂದು ಬಾಟಲಿ ನೀರಿನಲ್ಲಿ, ನಮಗೆ ದೊರೆತ ವಿಧಾನದಿಂದ, ಭಾರಲೋಹವನ್ನು ಗುರುತಿಸಲಾಗಲಿಲ್ಲ. ಈ ಹೊಳೆಯ ಮರುವಾಯಿಯನ್ನೂ ಪಚ್ಚಿಲೆಯನ್ನೂ ಇನ್ನೂ ಪರೀಕ್ಷಿಸಿಲ್ಲ. ಊರವರ ದೂರು ಹಾಗೆಯೇ ಉಳಿದಿದೆ."